ಕಪಾಟಿನ ಹಿಂದಿನ ಬಾಗಿಲು

ಆ ಫಾರ್ಮ್ ತುಂಬಿದವಳು ನಾನು. ಅಕ್ಷರ ನನ್ನದು, ಕೆಳಗಿನ ಸಹಿಯೂ ನನ್ನದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನ ಸಂಗತಿ ಕೇಳಿದವರು ನನ್ನನ್ನು ಹೊಗಳಲು ಹೊರಡುತ್ತಾರೆ. ಆಗ ಎಲ್ಲಿ ನೋಡಬೇಕೆಂದು ನನಗೆ ತಿಳಿಯುವುದಿಲ್ಲ.

ಆಗ ನಾನು ಮಣಿಪಾಲದ ಒಂದು ಡೇ ಕೇರ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಮನೆ ಕಾಪುವಿನಲ್ಲಿ. ಬೆಳಿಗ್ಗೆ ಏಳರ ಬಸ್ಸು ಹತ್ತಿ, ಕಟಪಾಡಿ ದಾಟಿ, ಉಡುಪಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದರೆ ಮಕ್ಕಳು ಬರುವ ಮೊದಲು ಮುಟ್ಟುತ್ತಿದ್ದೆ. ಕಟ್ಟಡದ ಕೆಳಗೆ ಒಂದು ಜೆರಾಕ್ಸ್ ಅಂಗಡಿ, ಒಂದು ಹೊಲಿಗೆ ಅಂಗಡಿ. ಮಹಡಿಯಲ್ಲಿ ನಾವು. ನಮ್ಮ ಮೇಲೆ ತಗಡಿನ ಮಾಡು. ಮೆಟ್ಟಿಲು ಹತ್ತಿದೊಡನೆ ಗ್ರಿಲ್ ಬಾಗಿಲು, ಅದಕ್ಕೆ ಬೀಗ, ಬೀಗದ ಕೈ ನನ್ನ ಸೆರಗಿನ ಪಿನ್ನಿನಲ್ಲಿ. ಗ್ರಿಲ್ ದಾಟಿದರೆ ಮರದ ಬಾಗಿಲು, ಅದರೊಳಗೆ ಒಂದು ದೊಡ್ಡ ಹಾಲ್, ಒಂದು ಅಡುಗೆಕೋಣೆ, ಒಂದು ಬಚ್ಚಲು.

ಡೇ ಕೇರ್ ನಡೆಸುತ್ತಿದ್ದವರನ್ನು ನಾವು ಮೇಡಂ ಎನ್ನುತ್ತಿದ್ದೆವು. ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಮಕ್ಕಳಿಗೆ ಗಂಜಿ ಬಿಸಿಯಾಗಿದೆಯೇ ಎಂದು ತಮ್ಮ ತುಟಿಗೆ ಮುಟ್ಟಿಸಿ ನೋಡುವವರು. ಇನ್ನೊಬ್ಬಳು ಆಯಾ, ಮಲ್ಪೆಯವಳು, ನನಗಿಂತ ಹಿರಿಯಳು, ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಮೊದಲು ಬಂದರಿನಲ್ಲಿ ಮೀನು ವಿಂಗಡಿಸುವ ಕೆಲಸ ಮಾಡಿದ್ದಳಂತೆ. ಐಸಿನಲ್ಲಿ ಕೈಬೆರಳು ಸೆಟೆದುಕೊಂಡ ಮೇಲೆ ಅದನ್ನು ಬಿಟ್ಟು ಇಲ್ಲಿಗೆ ಬಂದಳು.

ಮಳೆಗಾಲದ ಮೊದಲ ವಾರ ಆ ಫಾರ್ಮ್ ಬಂತು. ಪರವಾನಗಿ ನವೀಕರಣಕ್ಕೆ ಕೊಡಬೇಕಾದದ್ದು. ಬೆಂಕಿ ಅಪಾಯದ ಮೌಲ್ಯಮಾಪನ ಎಂದು ಮೇಲೆ ಬರೆದಿತ್ತು. ಹೊರಹೋಗಲು ಎರಡನೆಯ ದಾರಿ ಉಂಟೇ, ಬೆಂಕಿ ನಂದಿಸುವ ಸಿಲಿಂಡರ್ ಉಂಟೇ, ಸಿಬ್ಬಂದಿಗೆ ತರಬೇತಿ ಆಗಿದೆಯೇ, ಮೆಟ್ಟಿಲು ಅಡೆತಡೆಯಿಲ್ಲದೆ ಉಂಟೇ ಎಂದು ಸಾಲು ಸಾಲು ಪ್ರಶ್ನೆ. ನನ್ನ ಅಕ್ಷರ ದುಂಡಗೆ ಎಂದು ಮೇಡಂ ನನ್ನ ಕೈಗೇ ಕೊಟ್ಟರು.

"ಎಲ್ಲದಕ್ಕೂ ಹೌದು ಅಂತ ಬರೆಯಿರಿ. ಅವರು ಓದುವುದು ಅಷ್ಟೇ."

"ಎರಡನೇ ದಾರಿ, ಮೇಡಂ?"

"ಉಂಟಲ್ಲ. ಕಪಾಟಿನ ಹಿಂದೆ."

ಇದ್ದದ್ದು ನಿಜ. ಹಾಲ್‌ನ ಹಿಂಬದಿಯ ಗೋಡೆಯಲ್ಲಿ ಒಂದು ಬಾಗಿಲಿತ್ತು, ಹೊರಗಡೆ ಕಬ್ಬಿಣದ ಮೆಟ್ಟಿಲು. ಮಳೆನೀರು ಒಳಗೆ ಹೊಡೆಯುತ್ತದೆಂದು ಯಾವತ್ತೋ ಅದನ್ನು ಮುಚ್ಚಿ ಎದುರಿಗೆ ಕಬ್ಬಿಣದ ಕಪಾಟು ನಿಲ್ಲಿಸಿದ್ದರು. ನಾನು ಹೌದು ಎಂದು ಬರೆದೆ. ಸಿಲಿಂಡರಿಗೂ ಹೌದು. ತರಬೇತಿಗೂ ಹೌದು. ಕೆಳಗೆ 'ಸುರಕ್ಷತೆಯ ಜವಾಬ್ದಾರಿ ಹೊತ್ತವರು' ಎಂಬಲ್ಲಿ ಮೇಡಂ ಬೆರಳಿಟ್ಟು ತೋರಿಸಿದರು, ಸಹಿ ಹಾಕಿದೆ. ಕೆಳಗಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿದ ಒಂದು ಪ್ರತಿ ನನ್ನ ಬ್ಯಾಗಿನಲ್ಲಿ ಉಳಿಯಿತು.

ಆ ಕಾಗದ ಬ್ಯಾಗಿನಲ್ಲಿ ಇಲ್ಲದಿದ್ದರೆ ಬಹುಶಃ ಮರೆತುಬಿಡುತ್ತಿದ್ದೆ. ಬಸ್ಸಿನಲ್ಲಿ ಚಿಲ್ಲರೆ ಹುಡುಕುವಾಗ ಕೈಗೆ ಸಿಗುತ್ತಿತ್ತು. ಒಂದು ದಿನ ಕುಳಿತು ಮತ್ತೆ ಓದಿದೆ. ಓದಿದ ಮೇಲೆ ಡೇ ಕೇರ್‌ಗೆ ಹೋದರೆ, ಆರು ವರ್ಷದಿಂದ ನೋಡುತ್ತಿದ್ದ ಜಾಗ ಬೇರೆಯಾಗಿ ಕಾಣತೊಡಗಿತು. ಕೆಂಪು ಸಿಲಿಂಡರ್ ಬಾಗಿಲ ಹಿಂದೆ ಇತ್ತು, ಮಕ್ಕಳು ಅದಕ್ಕೆ ಆನೆಯ ಸ್ಟಿಕ್ಕರ್ ಅಂಟಿಸಿದ್ದರು. ಸ್ಟಿಕ್ಕರ್ ಕಿತ್ತು ನೋಡಿದಾಗ ಒತ್ತಡ ತೋರಿಸುವ ಮುಳ್ಳು ಹಸಿರಿನಿಂದ ಪೂರ್ತಿ ಈಚೆಗೆ ಬಂದು ಕೆಂಪಿನಲ್ಲಿ ನಿಂತಿತ್ತು. ಮೆಟ್ಟಿಲ ಕೆಳಗೆ ಅಂಗಡಿಯವರ ಎರಡು ಎಲೆಕ್ಟ್ರಿಕ್ ಸ್ಕೂಟರ್ ದಿನವಿಡೀ ಚಾರ್ಜಿಗೆ ನಿಂತಿರುತ್ತಿದ್ದವು. ಮೀಟರ್ ಬೋರ್ಡಿನಿಂದ ಎಳೆದ ವಯರು, ನಡುವೆ ಟೇಪು ಸುತ್ತಿದ ಜೋಡಣೆ, ಪಕ್ಕದಲ್ಲಿ ಜೆರಾಕ್ಸ್ ಕಾಗದದ ಖಾಲಿ ಪೆಟ್ಟಿಗೆಗಳ ರಾಶಿ. ಒಂದು ಮಧ್ಯಾಹ್ನ ಇಳಿಯುವಾಗ ಆ ವಯರನ್ನು ಮುಟ್ಟಿ ನೋಡಿದೆ. ಬಿಸಿಯಿತ್ತು, ಜ್ವರ ಬಂದ ಮಗುವಿನ ಹಣೆಯಷ್ಟು.

ಕಾರ್ಕಳದಲ್ಲಿರುವ ನನ್ನ ಒಡಹುಟ್ಟಿದ ಅಕ್ಕನ ಗಂಡ ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತರಾದವರು. ಭಾವ ಹೆಚ್ಚು ಮಾತಿನವರಲ್ಲ. ಕಣ್ಣಿನ ತಪಾಸಣೆಗೆ ಮಣಿಪಾಲಕ್ಕೆ ಬಂದ ದಿನ ಅವರನ್ನು ಡೇ ಕೇರ್‌ಗೆ ಕರೆದುಕೊಂಡು ಬಂದೆ. ಮೇಡಂ ಚಹಾ ಕೊಟ್ಟು, ಒಂದು ಫೋನ್ ಬಂತೆಂದು ಕೆಳಗೆ ಹೋದರು. ಭಾವ ಕುರ್ಚಿಯಲ್ಲಿ ಕೂರಲಿಲ್ಲ. ಹಾಲ್‌ನ ನಾಲ್ಕು ಮೂಲೆಗೂ ಹೋಗಿ ನಿಂತು ಬಂದರು.

"ಮಕ್ಕಳು ಎಷ್ಟು?"

"ಎಲ್ಲ ಬಂದರೆ ಇಪ್ಪತ್ತೆರಡು."

"ನಡೆಯಲಾಗದವು?"

"ನಾಲ್ಕು."

"ಮಧ್ಯಾಹ್ನ ನೀವೆಷ್ಟು ಜನ ಇರ್ತೀರಿ?"

"ಮೇಡಂ ಊಟಕ್ಕೆ ಮನೆಗೆ ಹೋಗ್ತಾರೆ. ಅಕ್ಕ ಮತ್ತು ನಾನು."

ಅವರು ಸ್ವಲ್ಪ ಹೊತ್ತು ಮಲಗಿದ್ದ ಮಕ್ಕಳನ್ನು ನೋಡಿದರು. ಚಾಪೆಗಳ ಮೇಲೆ ಸಾಲಾಗಿ ಮಲಗಿದ್ದವು, ಫ್ಯಾನಿನ ಗಾಳಿಗೆ ಕೂದಲು ಹಾರುತ್ತಿತ್ತು.

"ದೊಡ್ಡವರಾದರೆ ಹೊಗೆ ನೋಡಿ ಓಡ್ತಾರೆ," ಅಂದರು. "ಇಷ್ಟು ಸಣ್ಣವು ಓಡುವುದಿಲ್ಲ. ಅಡಗಿ ಕೂರ್ತವೆ. ಮಂಚದ ಅಡಿ, ಬಾಗಿಲ ಹಿಂದೆ, ಎಲ್ಲಿ ಕತ್ತಲೆ ಉಂಟೋ ಅಲ್ಲಿ. ಹೆಸರು ಹಿಡಿದು ಕರೆದರೂ ಬರುವುದಿಲ್ಲ. ಒಮ್ಮೆ ಒಂದು ಮನೆಯಲ್ಲಿ ನಾವು..."

ಚಹಾದ ಲೋಟ ತೆಗೆದುಕೊಂಡರು.

ಹೊರಡುವಾಗ ಮೆಟ್ಟಿಲಿನಲ್ಲಿ ನಿಂತು ಸ್ಕೂಟರ್‌ಗಳನ್ನು ನೋಡಿದರು. "ಇದಕ್ಕೆ ಹಿಡಿದರೆ ಈ ಮೆಟ್ಟಿಲು ಚಿಮಣಿ ಆಗ್ತದೆ. ಮೇಲಿನವರಿಗೆ ಈ ದಾರಿ ಇಲ್ಲ ಅಂತಲೇ ತಿಳಿದುಕೊ. ಆ ಕಪಾಟು ತೆಗೆಸು."

ಮೇಡಂಗೆ ಹೇಳಿದೆ. ಕೆಳಗಿನವರ ಹತ್ತಿರ ಅವರೇ ಹೋಗಿ ಮಾತಾಡಿದರು. ಮಳೆಯಲ್ಲಿ ಗಾಡಿ ಬೇರೆಲ್ಲಿ ಇಡುವುದು ಎಂದು ಅಂಗಡಿಯವರು ಕೇಳಿದರಂತೆ; ಸ್ಕೂಟರ್‌ಗಳು ಅಲ್ಲೇ ಉಳಿದವು. ಗ್ರಿಲ್ಲಿನ ಬೀಗದ ಮಾತು ಬಂದಾಗ ಮಾತ್ರ ಮೇಡಂ ಒಪ್ಪಲಿಲ್ಲ. ಹಿಂದಿನ ವರ್ಷ ಒಂದು ಮಗು ತೆರೆದ ಗ್ರಿಲ್ಲಿನಿಂದ ಇಳಿದು ರಸ್ತೆಯ ಐಸ್‌ಕ್ರೀಮ್ ಗಾಡಿಯವರೆಗೆ ಹೋಗಿಬಿಟ್ಟಿತ್ತು. ಬೀಗ ಹಾಕಿಸಿದ್ದೇ ಆಮೇಲೆ, ಪಾಲಕರೇ ಸಭೆ ಮಾಡಿ.

"ಬೆಂಕಿ ಎಂದಾದರೂ ಬಿದ್ದೀತು," ಅಂದರು ಮೇಡಂ. "ಬಾಗಿಲು ತೆರೆದಿಟ್ಟರೆ ಮಗು ಇವತ್ತೇ ರಸ್ತೆಗೆ ಹೋಗ್ತದೆ. ನೀವೇ ಹೇಳಿ, ನಾನು ಎಂತ ಮಾಡಲಿ?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬಹಳ ಒತ್ತಾಯ ಮಾಡಿದ ಮೇಲೆ ಕಪಾಟು ಸರಿಸಲು ಒಪ್ಪಿದರು.

ಒಂದು ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಅಕ್ಕ ಮತ್ತು ನಾನು ಕಪಾಟನ್ನು ಖಾಲಿ ಮಾಡಿ ಪಕ್ಕದ ಗೋಡೆಗೆ ತಳ್ಳಿದೆವು. ಬಾಗಿಲಿನ ಚಿಲಕ ತುಕ್ಕು ಹಿಡಿದು ಕೂತಿತ್ತು. ಅಕ್ಕ ತೆಂಗಿನೆಣ್ಣೆ ಹಾಕಿ, ಗುಂಡುಕಲ್ಲಿನಿಂದ ಕುಟ್ಟಿ, ಒಂದು ಗಂಟೆ ಹೆಣಗಿ ಎಳೆದಳು. ಹೊರಗಿನ ಕಬ್ಬಿಣದ ಮೆಟ್ಟಿಲಿನಲ್ಲಿ ಮುರಿದ ತೊಟ್ಟಿಲು, ಹೂಕುಂಡ, ಹರಿದ ಚಾಪೆ. ಎಲ್ಲವನ್ನೂ ಇಳಿಸಿದೆವು. ಕೆಳಗೆ ಕಿರಿದಾದ ಹಿತ್ತಿಲು, ಅದರಾಚೆ ಪಕ್ಕದ ಮನೆಯ ಅಂಗಳ. ಕಪಾಟಿನ ಮೇಲಿನ ಅರೆಗಳಿಗೆ ಸಾಮಾನು ಮರಳಿ ಜೋಡಿಸಿದೆವು. ಕೆಳಗಿನ ಅರೆಯನ್ನು ಖಾಲಿ ಬಿಟ್ಟೆ. ಮಕ್ಕಳು ಹೇಗೂ ಎಳೆದು ಹಾಕುತ್ತಾರೆ ಎಂದುಕೊಂಡೆ.

ಮುಂದಿನ ವಾರ ಅಕ್ಕ ಮಲ್ಪೆಯಿಂದ ಬಲೆಯ ಹಗ್ಗದ ಒಂದು ತುಂಡು ತಂದಳು. ಒಂದೊಂದು ಮೊಳಕ್ಕೆ ಒಂದೊಂದು ಗಂಟು ಹಾಕಿದಳು. ಒಂದು ಗಂಟಿಗೆ ಒಂದು ಮಗು. ರೈಲು ಆಟ ಎಂದು ಹೇಳಿ, ಮಕ್ಕಳನ್ನು ಹಿಂದಿನ ಮೆಟ್ಟಿಲಿನಲ್ಲಿ ಇಳಿಸಿ ಹತ್ತಿಸಿದೆವು. ಮೇಡಂ ಕೈಕಟ್ಟಿ ನೋಡುತ್ತಾ ನಿಂತಿದ್ದರು. "ಮಳೆಯಲ್ಲಿ ಆ ಕಬ್ಬಿಣ ಜಾರ್ತದೆ. ಅದಕ್ಕೂ ಒಂದು ಫಾರ್ಮ್ ಬರಬಹುದು," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆ ದಿನಗಳಲ್ಲಿ ಬೆಳಿಗ್ಗೆ ಬಸ್ಸು ಇಳಿದು, ಕಟ್ಟಡ ನಿಂತಲ್ಲೇ ನಿಂತಿರುವುದನ್ನು ನೋಡಿದ ಮೇಲೆಯೇ ರಸ್ತೆ ದಾಟುತ್ತಿದ್ದೆ.

ಮಳೆ ಕಡಿಮೆಯಾದ ಮೇಲಿನ ಒಂದು ಮಂಗಳವಾರ. ಬೆಳಿಗ್ಗೆಯಿಂದ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಮೇಡಂ ಊಟಕ್ಕೆ ಹೋಗಿದ್ದರು. ಹತ್ತೊಂಬತ್ತು ಮಕ್ಕಳು ಬಂದಿದ್ದವು. ಊಟ ಮುಗಿಸಿ ಮಲಗಿಸಿದ್ದೆವು. ಒಂದೂವರೆಯ ಹೊತ್ತಿಗೆ ಕರೆಂಟು ಬಂತು, ಫ್ಯಾನು ತಿರುಗಿತು. ಸ್ವಲ್ಪ ಹೊತ್ತಿನಲ್ಲಿ ಕೆಳಗಿನಿಂದ ದಪ್ಪ ಪಟಾಕಿ ಹೊಡೆದಂತಹ ಒಂದು ಸದ್ದು. ಮತ್ತೊಂದು. ಫ್ಯಾನು ನಿಂತಿತು.

ಅಕ್ಕ ತುಳುವಿನಲ್ಲಿ ಕೇಳಿದಳು, "ಅದೆಂತ ವಾಸನೆ?"

ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಅದರೊಳಗೆ ಸಿಹಿಯಾದ ಇನ್ನೊಂದೇನೋ. ನಾನು ಓಡಿದ್ದು ಗ್ರಿಲ್ಲಿನ ಕಡೆಗೆ. ಹಿಂದಿನ ಬಾಗಿಲು ತೆರೆಸಿದವಳು ನಾನೇ ಆಗಿದ್ದರೂ ಕಾಲು ಹೋದದ್ದು ಆರು ವರ್ಷದ ಅಭ್ಯಾಸದ ಕಡೆಗೆ. ಪಿನ್ನಿನಿಂದ ಕೀ ಬಿಡಿಸಿ ಬೀಗಕ್ಕೆ ಹಾಕಿ ತಿರುಗಿಸಿಯೂ ಬಿಟ್ಟಿದ್ದೆ. ಮೆಟ್ಟಿಲಿನಲ್ಲಿ ಹೊಗೆ ಮೇಲೆ ಬರುತ್ತಿತ್ತು. ಬಿಳಿ ಹೊಗೆಯಲ್ಲ, ಕಪ್ಪು, ದಪ್ಪ, ಒಂದು ಪ್ರಾಣಿ ಮೆಟ್ಟಿಲು ಹತ್ತಿದ ಹಾಗೆ. ಹಾಲ್‌ನ ಮರದ ಬಾಗಿಲನ್ನು ಎಳೆದು ಮುಚ್ಚಿ, ಕೆಳಗಿನ ಸಂದಿಗೆ ನೆಲ ಒರೆಸುವ ಒದ್ದೆ ಬಟ್ಟೆ ತುರುಕಿದೆ. ಅಷ್ಟರಲ್ಲಿ ಅಕ್ಕ ಹಿಂದಿನ ಬಾಗಿಲು ತೆರೆದಿದ್ದಳು.

ನಿದ್ದೆಯಲ್ಲಿದ್ದ ಮಕ್ಕಳನ್ನು ಎಬ್ಬಿಸುವುದು ಎಷ್ಟು ಹೊತ್ತಿನ ಕೆಲಸ ಎಂದು ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಕೂರಿಸಿದರೆ ಮತ್ತೆ ಮಲಗುತ್ತವೆ. ನಿಲ್ಲಿಸಿದರೆ ಕಾಲು ಬಗ್ಗಿಸುತ್ತವೆ. ಅಕ್ಕ ಒಂದು ಕೂಸನ್ನು ಬೆಡ್‌ಶೀಟಿನಲ್ಲಿ ಬೆನ್ನಿಗೆ ಕಟ್ಟಿಕೊಂಡಳು, ಇನ್ನೊಂದನ್ನು ಸೊಂಟಕ್ಕೆ ಏರಿಸಿದಳು, ಹಗ್ಗದ ತುದಿ ಕೈಗೆ ಸುತ್ತಿಕೊಂಡು, "ರೈಲು, ರೈಲು ಬಂತು ನೋಡಿ," ಅನ್ನುತ್ತಾ ಮುಂದೆ ಇಳಿದಳು. ನಾನು ಉಳಿದೆರಡು ಕೂಸುಗಳನ್ನು ಎರಡು ಕಂಕುಳಲ್ಲಿ ಅವುಚಿಕೊಂಡು ಹಿಂದೆ. ಮರದ ಬಾಗಿಲಿನ ಮೇಲಿನ ಸಂದಿಯಿಂದ ಹೊಗೆ ಎಳೆಎಳೆಯಾಗಿ ಒಳಗೆ ಬರುತ್ತಿತ್ತು, ಮಾಡಿನ ಕೆಳಗೆ ಹರಡುತ್ತಿತ್ತು. ಇಳಿಯುವ ಮೊದಲು ನಾನು ಎಣಿಸಲಿಲ್ಲ.

ಪಕ್ಕದ ಮನೆಯ ಹೆಂಗಸು ಆಗಲೇ ಅಂಗಳಕ್ಕೆ ಬಂದು ಫೋನ್ ಮಾಡುತ್ತಿದ್ದರು. ಕೂಸುಗಳನ್ನು ಅವರ ಜಗಲಿಯಲ್ಲಿ ಮಲಗಿಸಿ ಎಣಿಸಿದೆ. ಹದಿನೆಂಟು. ಮತ್ತೆ ಎಣಿಸಿದೆ. ಅಕ್ಕನೂ ಎಣಿಸಿದಳು.

"ಯಾರು?" ಅಂದಳು.

ಮುಖಗಳನ್ನು ನೋಡುತ್ತಾ ಹೋದೆ. ಮನೆಯಲ್ಲಿ ಕೊಂಕಣಿ ಮಾತಾಡುವ ಒಂದು ಎರಡೂವರೆ ವರ್ಷದ ಹುಡುಗಿ ಇತ್ತು, ನರ್ಸ್ ಒಬ್ಬರ ಮಗಳು. ಕಿಟಕಿಯ ಪಕ್ಕದ ಚಾಪೆ ಅವಳದ್ದು. ಅವಳು ಇರಲಿಲ್ಲ.

ಅಕ್ಕನ ಕಡೆಗೆ ನೋಡದೆ ಮೆಟ್ಟಿಲು ಹತ್ತಿದೆ. ಧೈರ್ಯ ಎಂದು ಜನ ಆಮೇಲೆ ಹೇಳಿದರು. ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಆ ಕಾಗದ, ಅದರ ಕೆಳಗಿನ ಸಹಿ.

ಹಾಲ್‌ನಲ್ಲಿ ಹೊಗೆ ನನ್ನ ಎದೆಮಟ್ಟಕ್ಕೆ ಇಳಿದಿತ್ತು. ಹೆಸರು ಹಿಡಿದು ಕರೆದೆ. ಎರಡು ಸಲ ಕರೆದ ಮೇಲೆ ಗಂಟಲು ಕಟ್ಟಿತು. ಆಗ ಭಾವ ಹೇಳಿದ್ದು ನೆನಪಾಗಿ ಕರೆಯುವುದನ್ನು ನಿಲ್ಲಿಸಿ ನೆಲಕ್ಕೆ ಮಲಗಿದೆ. ನೆಲದ ಹತ್ತಿರ ಒಂದು ಗೇಣಿನಷ್ಟು ಜಾಗದಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು: ಚಾಪೆಗಳು, ಒಂದು ಹಾಲಿನ ಬಾಟಲಿ, ಪುಟ್ಟ ಚಪ್ಪಲಿಗಳ ಸಾಲು. ತೆವಳಿಕೊಂಡು ತೊಟ್ಟಿಲುಗಳ ಅಡಿ ನೋಡಿದೆ. ಬಚ್ಚಲಿನ ಡ್ರಮ್ಮಿನ ಹಿಂದೆ ಕೈಯಾಡಿಸಿದೆ. ಅಡುಗೆಕೋಣೆಯ ಕಟ್ಟೆಯ ಅಡಿ. ಇಲ್ಲ. ಮರಳಿ ಬರುವಾಗ ಕಪಾಟಿನ ಬಾಗಿಲು ಎರಡು ಬೆರಳಿನಷ್ಟು ತೆರೆದಿರುವುದು ಕಂಡಿತು. ಆ ಸಂದಿಯಲ್ಲಿ ಹಳದಿ ಬಟ್ಟೆಯ ಅಂಚು.

ಅವಳು ನಾನು ಖಾಲಿ ಬಿಟ್ಟಿದ್ದ ಕೆಳಗಿನ ಅರೆಯಲ್ಲಿ ಮಂಡಿ ಎದೆಗೆ ಒತ್ತಿ, ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ನನಗೆ ಬರುವ ನಾಲ್ಕು ಕೊಂಕಣಿ ಮಾತಿನಲ್ಲಿ ಬಾ ಅಂದೆ. ಅವಳು ಇನ್ನೂ ಒಳಗೆ ಸರಿದಳು. ಕೈ ಹಾಕಿ ಎಳೆದಾಗ ಮಣಿಕಟ್ಟಿನ ಹತ್ತಿರ ಕಚ್ಚಿದಳು, ಬಿಡಲಿಲ್ಲ. ಹಾಗೆ ಕಚ್ಚಿಕೊಂಡಿದ್ದಂತೆಯೇ ಎತ್ತಿಕೊಂಡು ಹೊರಬಿದ್ದೆ. ಕಬ್ಬಿಣದ ಮೆಟ್ಟಿಲು ಇಳಿದದ್ದು ನೆನಪಿಲ್ಲ. ಅಕ್ಕ ನನ್ನ ಕೈಯಿಂದ ಮಗುವನ್ನು ಬಿಡಿಸಿಕೊಂಡದ್ದು ಮಾತ್ರ ನೆನಪಿದೆ.

ಅಗ್ನಿಶಾಮಕ ದಳದವರು ಬಂದು ಆರಿಸಿದರು. ಸ್ಕೂಟರ್‌ಗಳು ಕಬ್ಬಿಣದ ಅಸ್ಥಿಪಂಜರವಾಗಿದ್ದವು. ಮೆಟ್ಟಿಲಿನ ಗೋಡೆಯ ಗಾರೆ ಉದುರಿ ಗ್ರಿಲ್ಲು ಬಾಗಿತ್ತು. ಕೆಳಗಿನ ಅಂಗಡಿಯವರು ಮುಂಬಾಗಿಲಿನಿಂದಲೇ ಹೊರಗೆ ಓಡಿ ಪಾರಾಗಿದ್ದರು. ಆ ಹುಡುಗಿ ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದಳು. ನನ್ನ ಗಂಟಲು ಸರಿಯಾಗಲು ತಿಂಗಳಾಯಿತು. ಈಗಲೂ ಗಟ್ಟಿಯಾಗಿ ಮಾತಾಡಿದರೆ ಸ್ವರ ಒಡೆಯುತ್ತದೆ.

ವಿಚಾರಣೆಗೆ ಬಂದ ಅಧಿಕಾರಿ ಫಾರ್ಮನ್ನು ಮೇಜಿನ ಮೇಲೆ ಇಟ್ಟರು.

"ಇದು ನಿಮ್ಮ ಅಕ್ಷರವೇ?"

"ಹೌದು ಸರ್."

"ಬರೆದ ದಿನ ಇದರಲ್ಲಿ ಎಷ್ಟು ನಿಜ?"

ನಾನು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು ಒಂದೊಂದೇ ಸಾಲು ನೋಡಿದೆ. "ಅಡುಗೆಕೋಣೆಗೂ ಹಾಲ್‌ಗೂ ನಡುವೆ ಬಾಗಿಲು ಉಂಟು ಅನ್ನುವುದು ನಿಜ. ಮಕ್ಕಳ ಹಾಜರಿ ಪುಸ್ತಕ ಉಂಟು ಅನ್ನುವುದು ನಿಜ."

ಪಕ್ಕದಲ್ಲಿದ್ದ ಮೇಡಂ ಎದ್ದು ನಿಂತರು. "ಬರೆಯಲು ಹೇಳಿದ್ದು ನಾನು. ಅವರದ್ದು ಕೈ ಮಾತ್ರ," ಅಂದರು. ಅವರ ಸ್ವರ ಪಾಠ ಹೇಳುವಾಗಿನಂತೆ ಸ್ಥಿರವಾಗಿತ್ತು. ಡೇ ಕೇರ್ ಮುಚ್ಚಿತು. ಅವರು ಮತ್ತೆ ತೆರೆಯಲಿಲ್ಲ. ಅಧಿಕಾರಿಗಳು ನನಗೆ ಎಚ್ಚರಿಕೆಯ ಪತ್ರ ಕೊಟ್ಟು ಬಿಟ್ಟರು. ಅಕ್ಕ ಮಲ್ಪೆಯಲ್ಲೇ ಒಂದು ಮನೆಯಲ್ಲಿ ಬಾಣಂತಿ ನೋಡಿಕೊಳ್ಳಲು ಸೇರಿಕೊಂಡಳು.

ಪಾಲಕರಲ್ಲಿ ಕೆಲವರು ಹಣ್ಣು ಹಿಡಿದು ಕಾಪುವಿನವರೆಗೆ ಬಂದರು. ಕೆಲವರು ಬರಲಿಲ್ಲ, ಅದೂ ನನಗೆ ಸರಿಯೆಂದೇ ತೋರಿತು. ಆ ಹುಡುಗಿಯ ತಾಯಿ ಎಲ್ಲರೂ ಬಂದು ಹೋದ ಮೇಲೆ ಒಬ್ಬರೇ ಬಂದರು. ನನ್ನ ಮಣಿಕಟ್ಟಿನ ಗಾಯವನ್ನು ನರ್ಸ್ ನೋಡುವ ಹಾಗೆ ತಿರುಗಿಸಿ ನೋಡಿದರು.

"ಎಷ್ಟು ಹೊತ್ತು ಇದ್ದಳು ಅದರೊಳಗೆ?"

"ಗೊತ್ತಿಲ್ಲ. ನಾಲ್ಕು ನಿಮಿಷ, ಐದು ನಿಮಿಷ. ಆ ಅರೆ ಖಾಲಿ ಬಿಟ್ಟದ್ದು ನಾನೇ."

ಅವರು ನನ್ನ ಕೈ ಬಿಟ್ಟರು. ಬೈದಿದ್ದರೆ ಹಗುರವಾಗುತ್ತಿತ್ತು. ಆಮೇಲೆ, ತಮಗೆ ಕಾರ್ಕಳದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ನಿಟ್ಟೆಯಲ್ಲಿ ಮನೆ ಮಾಡುತ್ತಿದ್ದೇವೆ, ಅಲ್ಲಿ ಮಗುವನ್ನು ಬಿಡಲು ಒಂದು ಜಾಗ ನೋಡಿದ್ದೇನೆ ಎಂದರು. "ನೀವು ಒಮ್ಮೆ ಬಂದು ನೋಡ್ತೀರಾ?"

ನಾನು ನೋಡಿ ಹೇಳುವಂಥವಳಲ್ಲ ಎಂದೆ. ಅವರು ಕೇಳಲಿಲ್ಲ. ಮುಂದಿನ ವಾರ ಹೋದೆವು.

ಅದು ನೆಲಮಟ್ಟದ ಮನೆ, ಸುಣ್ಣ ಬಳಿದದ್ದು, ಗೋಡೆಯಲ್ಲಿ ಮೀನುಗಳ ಚಿತ್ರ. ನಡೆಸುವ ಹೆಂಗಸು ಎಳೆಯ ಪ್ರಾಯದವಳು. ಬಾಗಿಲುಗಳನ್ನು ತೋರಿಸಿ ಎಂದಾಗ ಬೇಸರ ಮಾಡಿಕೊಳ್ಳಲಿಲ್ಲ. ಮುಂದಿನದು, ಹಿಂದಿನದು, ಎರಡನ್ನೂ ನಾನೇ ತೆರೆದು ಹೊರಗೆ ಹೋಗಿ ಒಳಗೆ ಬಂದೆ. ಮೀಟರ್ ಬೋರ್ಡ್ ನೋಡಿದೆ. ಮಂಡಿಯೂರಿ ಕಪಾಟುಗಳ ಕೆಳಗಿನ ಅರೆಗಳಲ್ಲಿ ಕೈ ಹಾಕಿ ನೋಡಿದೆ. ಆ ಹೆಂಗಸು ಏನು ಹುಡುಕುತ್ತೀರಿ ಎಂದು ಕೇಳಿದಳು, ನಾನು ಮುಂದಿನ ಅರೆಗೆ ಕೈ ಹಾಕಿದೆ. ಹುಡುಗಿ ಅಷ್ಟು ಹೊತ್ತೂ ಗೇಟಿನ ಹೊರಗೇ ನಿಂತಿದ್ದಳು, ನನ್ನ ಕಡೆಗೆ ನೋಡುತ್ತಿರಲಿಲ್ಲ.

"ಇಲ್ಲಿ ಬಿಡಬಹುದಾ?" ತಾಯಿ ಕೇಳಿದರು.

"ಬಾಗಿಲು ಎರಡೂ ಸರಾಗ ತೆರೆಯುತ್ತವೆ. ನಾನು ನೋಡಿದ್ದು ಅಷ್ಟು. ಹೆಚ್ಚು ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ."

ಅವರು ತಲೆಯಾಡಿಸಿದರು. ಅವರಿಗೆ ಮರುದಿನದಿಂದ ಡ್ಯೂಟಿ ಇತ್ತು, ಬೇರೆ ದಾರಿ ಇರಲಿಲ್ಲ. ರೂಢಿಯಾಗಲಿ ಎಂದು ಆವತ್ತೇ ಒಂದು ಗಂಟೆ ಬಿಟ್ಟು ನೋಡುವುದೆಂದು ಮಾತಾಯಿತು. ಆ ಹೆಂಗಸು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ನಾವು ರಸ್ತೆಗೆ ಬಂದು ಮರದ ನೆರಳಿನಲ್ಲಿ ನಿಂತೆವು. ಅಲ್ಲಿಯವರೆಗೂ ಅವಳ ಅಳು ಕೇಳಿಸುತ್ತಿತ್ತು. ತಾಯಿ ಎರಡು ಸಲ ತಿರುಗಿ ಹೊರಟು ಎರಡು ಸಲವೂ ನಿಂತರು.

ಆಮೇಲೆ ಅಳು ನಿಂತಿತು. ಆವತ್ತು ಕಪಾಟಿನೊಳಗೂ ಅವಳು ಅಳುತ್ತಿರಲಿಲ್ಲ. ನಾವಿಬ್ಬರೂ ಆ ಮನೆಯ ಕಡೆಗೇ ನೋಡುತ್ತಾ, ಆ ಗಂಟೆ ಮುಗಿಯುವವರೆಗೆ ಅಲ್ಲೇ ನಿಂತಿದ್ದೆವು.